ಬಣ್ಣದ ಅಡಿಯ ಕೆಲಸ: ಮೈಸೂರಿನ ಒಂದು ಫೈಬರ್ ಕಾರ್ಯಾಗಾರದ ವಿಮರ್ಶೆ

ಕಳೆದ ವರ್ಷ ಸಂಕ್ರಾಂತಿ ಮುಗಿದ ಮರುವಾರ ನಮ್ಮ ಮನೆಯ ಹಸಿರು ಕಾರನ್ನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಡೆಯಿರುವ ಒಂದು ಫೈಬರ್ ಕಾರ್ಯಾಗಾರಕ್ಕೆ ಒಪ್ಪಿಸಿದೆ. ಅದು ಮನೆಗೆ ಮರಳಿದ್ದು ಮೇ ತಿಂಗಳ ಮೊದಲ ವಾರದಲ್ಲಿ. ಅಂದೇ ಈ ವಿಮರ್ಶೆಯನ್ನು ಬರೆದಿದ್ದರೆ ಅದು ಬರಿಯ ಹೊಗಳಿಕೆಯಾಗುತ್ತಿತ್ತು, ಏಕೆಂದರೆ ಹೊಸ ಬಣ್ಣ ಹೊಡೆದ ದಿನ ಎಂಥ ಕಾರೂ ಚೆನ್ನಾಗಿಯೇ ಕಾಣುತ್ತದೆ. ಗಾಜಿನ ಎಳೆ ಮತ್ತು ರೆಸಿನ್ ಎಂಬ ಗಟ್ಟಿಯಾಗುವ ಅಂಟಿನಿಂದ ಮಾಡುವ ಫೈಬರ್ ಮೈಯ ಕೆಲಸ ಗಟ್ಟಿಯೋ ಪೊಳ್ಳೋ ಎಂಬುದು ತಿಳಿಯಬೇಕಾದರೆ ಅದರ ಮೇಲೆ ಒಂದು ಮಳೆಗಾಲವೂ ಒಂದು ಬೇಸಿಗೆಯೂ ಹಾದುಹೋಗಬೇಕು. ಎರಡೂ ಹಾದುಹೋದ ಮೇಲೆ, ಕಾರನ್ನು ಬೆಳಗಿನ ಓರೆ ಬಿಸಿಲಿನಲ್ಲಿ ನಿಲ್ಲಿಸಿ ಮೂಲೆಮೂಲೆಯನ್ನೂ ನೋಡಿ ಈಗ ಬರೆಯುತ್ತಿದ್ದೇನೆ. ಕಾರ್ಯಾಗಾರದ ಹೆಸರನ್ನು ಕೊಡುತ್ತಿಲ್ಲ. ಒಮ್ಮೆಗೆ ಎರಡು ವಾಹನಗಳಿಗಿಂತ ಹೆಚ್ಚು ಹಿಡಿಯುವಷ್ಟು ಜಾಗವೂ ಆಳುಗಳೂ ತಮ್ಮಲ್ಲಿ ಇಲ್ಲವಾದ್ದರಿಂದ ಹೆಸರು ಹಾಕಬೇಡಿರೆಂದು ಅಲ್ಲಿನ ಯಜಮಾನರೇ ಕೇಳಿಕೊಂಡಿದ್ದಾರೆ. ಊರಿನ ಹಳೆಯ ಕಾರುಗಳ ಹವ್ಯಾಸಿಗಳಲ್ಲಿ ಯಾರನ್ನು ವಿಚಾರಿಸಿದರೂ ದಾರಿ ತೋರಿಸುತ್ತಾರೆ.

ಮೊದಲು ಕಾರಿನ ವಿಷಯ. ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1950ರಿಂದ 1953ರವರೆಗೆ ತಯಾರಾದ ಎಂ.ಜಿ. ಟಿ.ಡಿ. ಎಂಬ ಎರಡು ಆಸನಗಳ ತೆರೆದ ಕಾರಿನ ಪ್ರತಿರೂಪ ಇದು. ಮೂಲ ಕಾರಿನಲ್ಲಿ ಮರದ ಚೌಕಟ್ಟಿನ ಮೇಲೆ ಉಕ್ಕಿನ ತಗಡುಗಳಿದ್ದವು. ನಮ್ಮದರಲ್ಲಿ ಮಾರುತಿ ಜಿಪ್ಸಿಯ ಚಾಸಿಯ ಮೇಲೆ ಫೈಬರಿನ ಮೈಯನ್ನು ಕೂರಿಸಲಾಗಿದೆ. ಜಿಪ್ಸಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಅದರ ಚಾಸಿ ಮೈಯಿಂದ ಬೇರೆಯಾಗಿರುವ ಏಣಿಯಾಕಾರದ ಉಕ್ಕಿನ ಚೌಕಟ್ಟು. ಮೇಲಾಗಿ ಅದರ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2375 ಮಿ.ಮೀ., ಟಿ.ಡಿ.ಯದು ಸುಮಾರು 2388 ಮಿ.ಮೀ. ಹೀಗಾಗಿ ಚಾಸಿಯನ್ನು ಕತ್ತರಿಸದೆಯೇ ಮಡ್‌ಗಾರ್ಡುಗಳು ಚಕ್ರದ ಮೇಲೆ ಸರಿಯಾಗಿ ಕೂರುತ್ತವೆ. ಈ ಕಾರನ್ನು ಕಟ್ಟಿಸಿದವರು ನನ್ನ ಸೋದರಮಾವ. ಅವರು ತೀರಿಕೊಂಡ ಮೇಲೆ ಅತ್ತೆಯವರು ಅದನ್ನು ನನಗೆ ಕೊಟ್ಟರು. ಆದ್ದರಿಂದ ಇದರ ಮಾರುಕಟ್ಟೆ ಬೆಲೆಯ ಲೆಕ್ಕ ಹಾಕಿ ದುರಸ್ತಿಗೆ ಖರ್ಚು ಮಾಡುವ ಸ್ಥಿತಿಯಲ್ಲಿ ನಾನು ಇರಲಿಲ್ಲವೆಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು.

ಈ ಕಾರ್ಯಾಗಾರಕ್ಕೆ ಒಪ್ಪಿಸುವುದಕ್ಕೂ ಮೂರು ವರ್ಷ ಮೊದಲು ಬೇರೊಂದು ಕಡೆ ಇದೇ ಕಾರಿಗೆ ಬಣ್ಣ ಹೊಡೆಸಿದ್ದೆ. ಅವರು ತಗಡಿನ ಕಾರುಗಳಲ್ಲಿ ಪಳಗಿದವರು. ಫೈಬರ್ ಮೈಯನ್ನೂ ತಗಡಿನಂತೆಯೇ ನಡೆಸಿಕೊಂಡರು. ಹಳೆಯ ಬಣ್ಣ ತೆಗೆಯಲು ರಾಸಾಯನಿಕ ರಿಮೂವರ್ ಬಳಿದರು. ಬಿರುಕುಗಳ ಮೇಲೆ ಪುಟ್ಟಿ ಎಳೆದು, ತಿಕ್ಕಿ, ಮೇಲೆ ಬಣ್ಣ ಕೊಟ್ಟರು. ಬಣ್ಣವನ್ನು ಕರಗಿಸುವ ಆ ದ್ರಾವಣ ಫೈಬರಿನ ಮೇಲ್ಪದರವಾದ ಜೆಲ್‌ಕೋಟನ್ನೂ ಮೆತ್ತಗಾಗಿಸುತ್ತದೆ, ಒಳಗೆ ಇಳಿದು ಕುಳಿತರೆ ಮುಂದೆ ಹೊಸ ಬಣ್ಣದ ಅಡಿಯಿಂದ ಗುಳ್ಳೆ ಎಬ್ಬಿಸುತ್ತದೆ ಎಂಬುದು ನನಗೂ ಆಗ ತಿಳಿದಿರಲಿಲ್ಲ. ಎಂಟು ತಿಂಗಳಲ್ಲಿ ಬಾಗಿಲಿನ ಕೀಲುಗಳ ಸುತ್ತ, ಮುಂಗಾಜನ್ನು ಹಿಡಿದಿರುವ ಕಂಬದ ಬುಡದಲ್ಲಿ, ಹಿಂದಿನ ಮಡ್‌ಗಾರ್ಡಿನ ಅಂಚಿನಲ್ಲಿ ಜೇಡರ ಬಲೆಯಂಥ ಗೆರೆಗಳು ಹಳೆಯ ಜಾಗದಲ್ಲೇ ಮತ್ತೆ ಮೂಡಿದವು. ಬಾಗಿಲಿನ ಕೆಳಭಾಗದಲ್ಲಿ ಗುಳ್ಳೆಗಳೆದ್ದವು. ಇಷ್ಟು ಸಾಲದೆಂಬಂತೆ ಎಡಗಡೆಯ ಹಿಂದಿನ ಮಡ್‌ಗಾರ್ಡ್ ನಮ್ಮ ಗೇಟಿನ ಕಂಬಕ್ಕೆ ತಗುಲಿ ಅಂಗೈಯಗಲ ಒಡೆದುಹೋಯಿತು.

ಈ ಕಾರ್ಯಾಗಾರಕ್ಕೆ ಹೋದಾಗ ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ್ದು ಅಲ್ಲಿನ ಹಿರಿಯ ಮೇಸ್ತ್ರಿಯವರು ಕಾರನ್ನು ನೋಡಿದ ರೀತಿ. ಅವರು ಮಂಡ್ಯದ ಕಡೆಯವರು. ಬಸ್ಸುಗಳ ಮುಂಭಾಗ, ದೋಣಿ, ದಸರಾ ಸ್ತಬ್ಧಚಿತ್ರಗಳ ಮೂರ್ತಿಗಳು, ಹೀಗೆ ಫೈಬರಿನಲ್ಲಿ ಆಗುವ ಎಲ್ಲವನ್ನೂ ಮಾಡಿದವರು. ಬಣ್ಣದ ಮೇಲೆ ಅವರು ಕೈಯಾಡಿಸಲೇ ಇಲ್ಲ. ಒಂದು ನಾಣ್ಯದಿಂದ ಮೈಯ ಉದ್ದಕ್ಕೂ ತಟ್ಟುತ್ತ ಹೋದರು. ಗಟ್ಟಿ ಇದ್ದಲ್ಲಿ ಟಣ್ ಎಂಬ ಸದ್ದು, ಪದರಗಳು ಬಿಟ್ಟುಕೊಂಡಲ್ಲಿ ಮಂದವಾದ ಸದ್ದು. ಹುಡುಗನೊಬ್ಬ ಆ ಜಾಗಗಳಿಗೆ ಸೀಮೆಸುಣ್ಣದ ಗುರುತು ಹಾಕಿದ. ಆಮೇಲೆ ಮಡ್‌ಗಾರ್ಡಿನ ಅಡಿಯಿಂದ ದೀಪ ಹಿಡಿದು, ಬಣ್ಣ ಉದುರಿದ ಕಡೆ ಬೆಳಕು ಹೇಗೆ ತೂರಿಬರುತ್ತದೆಂದು ನೋಡಿದರು. ಪದರ ಸೀಳಿದಲ್ಲಿ ಬೆಳಕು ಬಿಳಿಚಿದಂತೆ ಕಾಣುತ್ತದೆ. "ಸಾರ್, ಈ ಬಿರುಕು ಬಣ್ಣದ್ದಲ್ಲ, ಮೈದು. ಮೈ ಬಿಚ್ಚದೆ ಬಣ್ಣ ಹೊಡೆದ್ರೆ ಮತ್ತೆ ಬಂದೇ ಬರುತ್ತೆ" ಎಂದರು. ಒಂದು ಗಂಟೆಯ ಪರೀಕ್ಷೆಯ ನಂತರ ಒಟ್ಟು ಮೂವತ್ತೊಂದು ಗುರುತುಗಳಾಗಿದ್ದವು. ನಾನು ಎಣಿಸಿಕೊಂಡು ಹೋಗಿದ್ದದ್ದು ಹನ್ನೆರಡು.

ಹಳೆಯ ಬಣ್ಣವನ್ನು ಅವರು ತೆಗೆದದ್ದು ಪೂರ್ತಿ ಕೈಯಿಂದ. ದಪ್ಪ ಪದರಗಳನ್ನು ಅಗಲ ಅಲಗಿನಿಂದ ಹೆರೆದು, ಉಳಿದದ್ದನ್ನು ಎಮರಿ ಕಾಗದದಿಂದ ತಿಕ್ಕಿದರು. ರಿಮೂವರ್ ಇಲ್ಲ, ಮರಳು ಊದುವುದೂ ಇಲ್ಲ. ಜೆಲ್‌ಕೋಟಿನ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿ ಇರುವುದರಿಂದ ಯಂತ್ರವನ್ನು ಒಂದು ಕ್ಷಣ ಹೆಚ್ಚು ಒತ್ತಿದರೂ ಗಾಜಿನ ಎಳೆಗಳು ಹೊರಗೆ ಬರುತ್ತವೆ. ಇದೊಂದೇ ಕೆಲಸಕ್ಕೆ ಇಬ್ಬರು ಹುಡುಗರಿಗೆ ಹನ್ನೊಂದು ದಿನ ಹಿಡಿಯಿತು. ಕೆಳಗಿನಿಂದ ನಾಲ್ಕು ಬಣ್ಣಗಳ ಪದರ ಹೊರಬಿತ್ತು. ಎಲ್ಲಕ್ಕಿಂತ ಅಡಿಯಲ್ಲಿ ಮಾವನವರು ಮೊದಲು ಹೊಡೆಸಿದ್ದ ಕಡುಹಸಿರು ಇತ್ತು. ಅದರ ಒಂದು ತುಣುಕನ್ನು ಮೇಸ್ತ್ರಿಯವರು ಕಾಗದದಲ್ಲಿ ಸುತ್ತಿ ನನಗಾಗಿ ತೆಗೆದಿಟ್ಟಿದ್ದರು. ನಾನು ಕೇಳಿರಲಿಲ್ಲ.

ಬಿರುಕುಗಳ ಕೆಲಸವೇ ಈ ಕಾರ್ಯಾಗಾರದ ನಿಜವಾದ ಹೆಚ್ಚುಗಾರಿಕೆ, ಆದ್ದರಿಂದ ಅದನ್ನು ವಿವರವಾಗಿ ಹೇಳುತ್ತೇನೆ. ಪ್ರತಿ ಗೆರೆಯನ್ನೂ ಅವರು ಗ್ರೈಂಡರಿನಿಂದ ಬಿಡಿಸಿ, ಗಟ್ಟಿ ಪದರ ಸಿಗುವವರೆಗೆ ಇಳಿದು, ಸುತ್ತಲಿನ ಅಂಚನ್ನು ಇಳಿಜಾರಾಗಿ ಸವೆಸಿದರು. ಇಳಿಜಾರಿನ ಅಳತೆ ಪದರದ ದಪ್ಪದ ಹನ್ನೆರಡು ಪಟ್ಟು: ನಮ್ಮ ಕಾರಿನ ಮೈ ಸುಮಾರು 3 ಮಿ.ಮೀ. ದಪ್ಪವಿರುವಲ್ಲಿ ಬಿರುಕಿನ ಎರಡೂ ಬದಿಗೆ 36 ಮಿ.ಮೀ. ಅಗಲ ಸವೆಸಬೇಕು. ಕೂದಲೆಳೆಯಷ್ಟು ಸಣ್ಣ ಗೆರೆಗೆ ನಾಲ್ಕು ಬೆರಳು ಅಗಲದ ಗಾಯ ಮಾಡುವುದನ್ನು ನೋಡಿದರೆ ಮೊದಲಿಗೆ ಎದೆ ಝಲ್ಲೆನ್ನುತ್ತದೆ. ಆದರೆ ಹೊಸ ರೆಸಿನ್ ಹಳೆಯ ರೆಸಿನಿನೊಂದಿಗೆ ಕರಗಿ ಬೆರೆಯುವುದಿಲ್ಲ, ಅದಕ್ಕೆ ಅಂಟಿಕೊಳ್ಳುತ್ತದೆ ಅಷ್ಟೆ. ಅಂಟಿಕೊಳ್ಳುವ ಜಾಗ ಅಗಲವಾದಷ್ಟೂ ಹಿಡಿತ ಹೆಚ್ಚು. ಪುಟ್ಟಿಯಲ್ಲಿ ಗಾಜಿನ ಎಳೆ ಇಲ್ಲ, ಎಳೆಯಿಲ್ಲದೆ ಎಳೆತವನ್ನು ತಡೆಯುವ ಶಕ್ತಿಯಿಲ್ಲ. ಆದ್ದರಿಂದಲೇ ಬಿರುಕಿನ ಬಾಯಿಗೆ ತುಂಬಿದ ಪುಟ್ಟಿ ಕಾರು ನಾಲ್ಕು ಹಳ್ಳ ಹತ್ತಿಳಿದ ಮೇಲೆ ಮತ್ತೆ ಸೀಳುತ್ತದೆ.

ಸವೆಸಿದ ಜಾಗವನ್ನು ಅಸಿಟೋನಿನಿಂದ ಒರೆಸಿ, ಸಾಧ್ಯವಿದ್ದ ಕಡೆಯೆಲ್ಲ ಒಳಬದಿಯಿಂದ ಮ್ಯಾಟ್, ಅಂದರೆ ರೆಸಿನಿನಲ್ಲಿ ತೋಯಿಸುವ ಗಾಜಿನ ಎಳೆಗಳ ಹಾಸು, ಹಾಕಿದರು. ಚದರ ಮೀಟರಿಗೆ 300 ಗ್ರಾಂ ಮತ್ತು 450 ಗ್ರಾಂ ತೂಗುವ ಎರಡು ಬಗೆಯ ಮ್ಯಾಟ್ ಅಲ್ಲಿತ್ತು. ಇಳಿಜಾರಿನ ಹೊಂಡವನ್ನು ಒಂದಕ್ಕಿಂತ ಒಂದು ದೊಡ್ಡದಾದ ತುಂಡುಗಳಿಂದ ತುಂಬುತ್ತ, ಪ್ರತಿ ಪದರವನ್ನೂ ಸುರುಳಿ ಹಲ್ಲಿನ ಕಬ್ಬಿಣದ ರೋಲರಿನಿಂದ ಉರುಳಿಸಿ ಗಾಳಿ ಹೊರಹಾಕಿದರು. ಗಾಳಿ ಗುಳ್ಳೆಯೊಂದು ಉಳಿದರೂ ಬಿಸಿಲಿಗೆ ನಿಂತಾಗ ಹಿಗ್ಗಿ ಬಣ್ಣವನ್ನು ಎತ್ತುತ್ತದೆ. ರೆಸಿನ್ ಕಲಸುವಾಗ ಪ್ರತಿ ಸಲವೂ ತಕ್ಕಡಿಯಲ್ಲಿ ತೂಗಿದರು. ರೆಸಿನನ್ನು ಗಟ್ಟಿಯಾಗಿಸುವ ಹಾರ್ಡ್ನರನ್ನು ಕಣ್ಣಳತೆಯಲ್ಲಿ ಸುರಿದದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ. ಹಾರ್ಡ್ನರ್ ರೆಸಿನಿನ ತೂಕದ ಶೇ. 1ರಿಂದ 2ರ ಒಳಗೆ ಇರಬೇಕು. ಹೆಚ್ಚಾದರೆ ಗಟ್ಟಿಯಾಗುವಾಗಲೇ ವಿಪರೀತ ಕಾದು, ಕುಗ್ಗಿ, ಹೊಸ ಬಿರುಕಿಗೆ ದಾರಿಯಾಗುತ್ತದೆ. ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟಿನ ಡಬ್ಬಿಯನ್ನೂ ಹಾರ್ಡ್ನರ್ ಡಬ್ಬಿಯನ್ನೂ ಅವರು ಕೋಣೆಯ ಎರಡು ತುದಿಗಳಲ್ಲಿ ಇಟ್ಟಿದ್ದರು. ಅವೆರಡು ನೇರವಾಗಿ ಬೆರೆತರೆ ಸಿಡಿದು ಬೆಂಕಿ ಹೊತ್ತಿಕೊಳ್ಳುತ್ತವೆ. ಕೋಬಾಲ್ಟನ್ನು ಮೊದಲು ರೆಸಿನಿನಲ್ಲಿ ಪೂರ್ತಿ ಕಲಸಿ, ಆಮೇಲೆಯೇ ಹಾರ್ಡ್ನರ್ ಹಾಕಬೇಕೆಂಬ ನಿಯಮವನ್ನು ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಕನ್ನಡದಲ್ಲಿ ಬರೆದಿದ್ದಾರೆ. ಸಣ್ಣ ವಿಷಯವಲ್ಲ ಇದು. ಕೆಲಸ ಕಲಿಯಲು ಬಂದಿರುವ ಹದಿನೆಂಟು ಹತ್ತೊಂಬತ್ತರ ಹುಡುಗರು ಅಲ್ಲಿದ್ದಾರೆ.

ಒಡೆದ ಮಡ್‌ಗಾರ್ಡಿನ ಚೂರುಗಳನ್ನು ನಾನು ಅಕ್ಕಿ ಚೀಲವೊಂದರಲ್ಲಿ ಕೂಡಿಟ್ಟಿದ್ದೆ. ಫೈಬರ್ ಕಾರು ಇಟ್ಟುಕೊಂಡವರೆಲ್ಲರಿಗೂ ನನ್ನ ವಿನಂತಿ ಇದೇ: ಚೂರು ಎಷ್ಟೇ ಸಣ್ಣದಾಗಿರಲಿ, ಎಸೆಯಬೇಡಿ. ತಗಡು ನಜ್ಜುಗುಜ್ಜಾಗಿ ಆಕಾರ ಕಳೆದುಕೊಳ್ಳುತ್ತದೆ. ಫೈಬರ್ ಒಡೆದರೂ ಚೂರಿನ ಬಾಗು ಹಾಗೇ ಉಳಿದಿರುತ್ತದೆ. ಮೇಸ್ತ್ರಿಯವರು ಆ ಏಳು ಚೂರುಗಳನ್ನು ಹೊರಬದಿಯಿಂದ ತಾತ್ಕಾಲಿಕ ಪಟ್ಟಿಗಳಿಂದ ಜೋಡಿಸಿ, ಅಂಚಿನ ಬಾಗು ಸರಿಬಂದದ್ದನ್ನು ಬಲಗಡೆಯ ಮಡ್‌ಗಾರ್ಡಿನಿಂದ ಕತ್ತರಿಸಿಕೊಂಡ ರಟ್ಟಿನ ಅಚ್ಚನ್ನು ತಿರುವಿಹಾಕಿ ಪರೀಕ್ಷಿಸಿ, ಒಳಬದಿಯಿಂದ ಮೂರು ಪದರ ಮ್ಯಾಟ್ ಕೊಟ್ಟರು. ಅದು ಗಟ್ಟಿಯಾದ ಮೇಲೆ ಹೊರಗಿನ ಪಟ್ಟಿ ಕಿತ್ತು ಹೊರಬದಿಯ ಜೋಡಣೆಗಳನ್ನು ಬಿಡಿಸಿ ತುಂಬಿದರು. ಇಂದು ಅಡಿಯಿಂದ ಕೈ ಹಾಕಿ ಸವರಿದರೆ ಮಾತ್ರ ದುರಸ್ತಿಯ ಗುರುತು ಸಿಗುತ್ತದೆ.

ಇದಾದ ಮೇಲೆ ನನ್ನ ತಾಳ್ಮೆಯನ್ನು ಪರೀಕ್ಷಿಸಿದ ಹಂತ ಬಂತು. ಕಾರನ್ನು ಅವರು ಏನೂ ಮಾಡದೆ ಹದಿನೈದು ದಿನ ಬಿಸಿಲಿಗೆ ನಿಲ್ಲಿಸಿದರು. ಪಾಲಿಯೆಸ್ಟರ್ ರೆಸಿನ್ ಮುಟ್ಟಿದರೆ ಗಟ್ಟಿ ಎನಿಸಿದರೂ ಒಳಗೆ ವಾರಗಟ್ಟಲೆ ಗಟ್ಟಿಯಾಗುತ್ತಲೇ, ತುಸುತುಸುವೇ ಕುಗ್ಗುತ್ತಲೇ ಇರುತ್ತದೆ. ಅದು ಪೂರ್ತಿಯಾಗುವ ಮುನ್ನ ಬಣ್ಣ ಹೊಡೆದರೆ, ಆಮೇಲೆ ಬಿಸಿಲಿಗೆ ಕುಗ್ಗಿದಾಗ ಮ್ಯಾಟಿನ ಎಳೆಗಳ ಅಚ್ಚು ಬಣ್ಣದ ಮೇಲೆ ಮೂಡುತ್ತದೆ. ತಗಡಿನ ಕಾರುಗಳಿಗೆ ಬಣ್ಣ ಒಣಗಿಸಲು ಬಿಸಿ ಕೋಣೆ ಇರುವ ದೊಡ್ಡ ಕಾರ್ಯಾಗಾರಗಳು ಮೈಸೂರಿನಲ್ಲಿವೆ. ಆದರೆ ಅಲ್ಲಿನ 60 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿದ ಕಾವನ್ನು ಹಸಿ ದುರಸ್ತಿಯ ಫೈಬರ್ ತಡೆಯಲಾರದೆ ಆಕಾರ ಬಿಡಬಹುದು. ಮಾರ್ಚಿಯ ಬಿಸಿಲೇ ನಮಗೆ ಸುರಕ್ಷಿತವಾದ ಒಲೆ ಎಂಬ ಅವರ ಮಾತನ್ನು ನಾನು ಒಪ್ಪಿಕೊಂಡೆ. ಮಳೆಗಾಲದಲ್ಲಿ ಅವರು ಮ್ಯಾಟಿನ ಕೆಲಸವನ್ನೇ ಆದಷ್ಟು ಹಿಡಿಯುವುದಿಲ್ಲ. ಬಿಡಿಸಿದ ಫೈಬರಿನ ತೆರೆದ ಎಳೆಗಳು ಬತ್ತಿಯಂತೆ ತೇವವನ್ನು ಒಳಗೆ ಎಳೆದುಕೊಳ್ಳುತ್ತವೆ. ಈ ಕಾರ್ಯಾಗಾರಕ್ಕೆ ಕಾರು ಕೊಡುವವರು ಜನವರಿ, ಫೆಬ್ರವರಿಯಲ್ಲೇ ಕೊಡುವುದು ಉತ್ತಮ.

ಬಣ್ಣದ ವಿಚಾರದಲ್ಲಿ ನಮ್ಮಿಬ್ಬರಿಗೂ ಒಂದು ಭಿನ್ನಾಭಿಪ್ರಾಯವಾಯಿತು. ಫೈಬರ್ ಮೈಗೆ ಕೆನೆಬಣ್ಣದಂಥ ತಿಳಿಬಣ್ಣವೇ ಒಳ್ಳೆಯದು, ಕಡುಬಣ್ಣ ಬಿಸಿಲನ್ನು ಹೀರಿ ಮೈಯನ್ನು ಹೆಚ್ಚು ಕಾಯಿಸುತ್ತದೆ, ಅದರಲ್ಲೂ ಎಂಜಿನ್ನಿನ ಮೇಲಿರುವ ಬಾನೆಟ್ಟಿಗೆ ಎರಡು ಕಡೆಯ ಕಾವು ಎಂದು ಮೇಸ್ತ್ರಿಯವರು ಎರಡು ಸಲ ಹೇಳಿದರು. ನೋಂದಣಿ ಪತ್ರದಲ್ಲಿ ಕಾರಿನ ಬಣ್ಣ ಹಸಿರೆಂದು ನಮೂದಾಗಿದೆ, ಬದಲಿಸಿದರೆ ಪ್ರಾದೇಶಿಕ ಸಾರಿಗೆ ಕಚೇರಿಗೆ ಅರ್ಜಿ ಹಾಕಿ ತಿದ್ದಿಸಬೇಕು ಎಂಬುದು ನಾನು ಕೊಟ್ಟ ಕಾರಣ. ನಿಜವಾದ ಕಾರಣ ಮಾವನವರ ಹಸಿರು. ಅವರು ಮರುಮಾತಾಡದೆ ತೆಗೆದಿಟ್ಟಿದ್ದ ತುಣುಕನ್ನು ಕಂಪ್ಯೂಟರಿನಲ್ಲಿ ಬಣ್ಣ ಕಲಸುವ ಅಂಗಡಿಗೆ ಕಳುಹಿಸಿದರು. ಮೂರು ಮಾದರಿ ಹಲಗೆಗಳನ್ನು ಬಳಿದು ನೆರಳಿನಲ್ಲೂ ಬಿಸಿಲಿನಲ್ಲೂ ತೋರಿಸಿದ ಮೇಲೆ ಎರಡನೆಯದನ್ನು ಆರಿಸಿದೆವು.

ಬಣ್ಣಕ್ಕೆ ಮುಂಚಿನ ಸಿದ್ಧತೆಯಲ್ಲಿ ಅವಸರ ಕಾಣಲಿಲ್ಲ. ತೆಳುವಾದ ಪುಟ್ಟಿ, ಅದರ ಮೇಲೆ ಎಪಾಕ್ಸಿ ಪ್ರೈಮರ್, ಮತ್ತೆ ತಿಕ್ಕಿ ಸಮಮಾಡಲೆಂದು ಹೊಡೆಯುವ ದಪ್ಪನೆಯ ಸರ್ಫೇಸರ್. ಸರ್ಫೇಸರಿನ ಮೇಲೆ ಕಪ್ಪು ಪುಡಿಯನ್ನು ತೆಳ್ಳಗೆ ಹಚ್ಚಿ, ಉದ್ದನೆಯ ಮರದ ಹಿಡಿಗೆ ವಾಟರ್ ಪೇಪರ್ ಸುತ್ತಿ ತಿಕ್ಕಿದರು. ತಗ್ಗಿದ್ದಲ್ಲಿ ಕಪ್ಪು ಉಳಿಯುತ್ತದೆ, ಉಬ್ಬಿದ್ದಲ್ಲಿ ಅಳಿಯುತ್ತದೆ. ಕಪ್ಪೆಲ್ಲ ಒಂದೇ ಸಮನೆ ಹೋಗುವವರೆಗೆ ಕೆಲಸ ಮುಗಿದಂತಲ್ಲ. ಟಿ.ಡಿ.ಯ ಮಡ್‌ಗಾರ್ಡುಗಳಲ್ಲಿ ಎಲ್ಲಿಯೂ ಸಪಾಟಾದ ಜಾಗವಿಲ್ಲ, ಎಲ್ಲವೂ ಬಾಗು. ಅಂಥ ಬಾಗಿನ ಮೇಲೆ ಬೆರಳಿನಿಂದ ತಿಕ್ಕಿದರೆ ಅಲೆ ಬೀಳುತ್ತದೆಂದು ಅವರು ರಬ್ಬರ್ ಕೊಳವೆಯ ತುಂಡುಗಳನ್ನೇ ಹಿಡಿಯಾಗಿ ಮಾಡಿಕೊಂಡಿದ್ದರು. ನಾಲ್ಕು ಬಾರಿ ಹೀಗೆ ತಿಕ್ಕಿದ್ದನ್ನು ನಾನು ಕಂಡಿದ್ದೇನೆ. ಮೈಸೂರಿಗೂ ಬಣ್ಣಕ್ಕೂ ಹಳೆಯ ನಂಟಿದೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಆರಂಭವಾಗಿ, 1962ರಿಂದ ಚುನಾವಣೆಯ ಅಳಿಸಲಾಗದ ಶಾಯಿಯನ್ನು ತಯಾರಿಸುತ್ತಿರುವ ಮೈಸೂರು ಪೇಂಟ್ಸ್ ಇದೇ ಊರಿನದು. ಬಣ್ಣದ ಕೆಲಸವನ್ನು ಹೀಗೆ ಮನಸ್ಸಿಟ್ಟು ಮಾಡುವವರು ಈ ಊರಿನಲ್ಲಿ ಇನ್ನೂ ಇದ್ದಾರೆಂಬುದು ನನಗೆ ಸಂತೋಷ ಕೊಟ್ಟ ಸಂಗತಿ.

ಬಣ್ಣ ಹೊಡೆದದ್ದು ಏಪ್ರಿಲ್ ಕೊನೆಯ ವಾರದಲ್ಲಿ, ಬೆಳಗಿನ ಏಳು ಗಂಟೆಯ ಹೊತ್ತಿಗೆ. ಹಿಂದಿನ ದಿನ ಸಂಜೆ ಮಳೆ ಸುರಿದಿದ್ದರಿಂದ ಮೊದಲು ಗೊತ್ತುಮಾಡಿದ ದಿನವನ್ನು ಬಿಟ್ಟು, ಗಾಳಿಯ ತೇವ ಇಳಿಯಲಿ ಎಂದು ಎರಡು ದಿನ ಕಾದರು. ತಿಕ್ಕಿದ ಫೈಬರಿನಲ್ಲಿ ವಿದ್ಯುತ್ತಿನ ಆವೇಶ ನಿಂತು ಧೂಳನ್ನು ಎಳೆದುಕೊಳ್ಳುತ್ತದೆ. ಅದಕ್ಕಾಗಿ ನೆಲಕ್ಕೆ ನೀರು ಚಿಮುಕಿಸಿ, ಮೈಯನ್ನು ದ್ರಾವಣದ ಬಟ್ಟೆಯಿಂದ ನಿಧಾನವಾಗಿ ಒರೆಸಿದರು. ಮೂರು ಕೋಟ್ ಹಸಿರು, ನಡುನಡುವೆ ಹತ್ತು ಹದಿನೈದು ನಿಮಿಷಗಳ ವಿರಾಮ, ಆಮೇಲೆ ಎರಡು ಕೋಟ್ ಕ್ಲಿಯರ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಲೇಪ. ಬಾಗಿಲಿನ ಒಳ ಅಂಚಿನಲ್ಲಿ ಒಂದು ಕಡೆ ಬಣ್ಣ ಇಳಿದಿದ್ದನ್ನು ಬಿಟ್ಟರೆ ನನಗೆ ದೋಷ ಕಾಣಲಿಲ್ಲ. ಅದನ್ನೂ ಮರುದಿನ ತಿದ್ದಿಕೊಟ್ಟರು.

ಇಲ್ಲಿ ನನ್ನ ಮುಖ್ಯ ಆಕ್ಷೇಪವನ್ನು ಹೇಳಲೇಬೇಕು. ಬಣ್ಣ ಹೊಡೆದ ಯುವಕ ಕಟ್ಟಿಕೊಂಡಿದ್ದದ್ದು ಬಟ್ಟೆಯ ಮುಖಗವಸು. ಎರಡು ಡಬ್ಬಿಗಳನ್ನು ಕಲಸಿ ಹೊಡೆಯುವ ಪಾಲಿಯುರೇಥೇನ್ ಬಣ್ಣದ ಹಾರ್ಡ್ನರಿನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅದರ ಮಂಜನ್ನು ಉಸಿರಾಡಿದವರಿಗೆ ಅಸ್ತಮಾ ಬರುವುದುಂಟು. ಒಮ್ಮೆ ದೇಹಕ್ಕೆ ಒಗ್ಗದಂತಾದರೆ ಆಮೇಲೆ ಅತ್ಯಲ್ಪ ಪ್ರಮಾಣವೂ ಉಸಿರು ಕಟ್ಟಿಸುತ್ತದೆ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ತರುವ ಮುಖಗವಸೇ ಇದಕ್ಕೆ ತಕ್ಕದ್ದು. ಫೈಬರ್ ತಿಕ್ಕುವಾಗಲೂ ಹುಡುಗರ ಕೈಗಳು ಗಾಜಿನ ಧೂಳಿನಿಂದ ಕೆಂಪಾಗಿ ನವೆಯಾಡುತ್ತಿದ್ದವು. ಡಬ್ಬಿಗಳನ್ನು ಅಷ್ಟು ಎಚ್ಚರದಿಂದ ದೂರ ಇಡುವ ಯಜಮಾನರು ಉಸಿರಿನ ವಿಷಯದಲ್ಲಿ ಅಷ್ಟೇ ಎಚ್ಚರ ವಹಿಸದಿರುವುದು ನನಗೆ ನೋವು ತಂದಿತು. ಅವರಿಗೆ ನೇರವಾಗಿ ಹೇಳಿದೆ, ಸಂಕೋಚದಿಂದ ಒಪ್ಪಿಕೊಂಡರು. ಈಚೆಗೆ ಹೋದಾಗ ಎರಡು ಫಿಲ್ಟರ್‌ಗಳ ಮುಖಗವಸು ಗೋಡೆಯಲ್ಲಿ ನೇತಾಡುತ್ತಿತ್ತು. ಗಾಳಿಯ ಕೊಳವೆ ಇನ್ನೂ ಬಂದಿಲ್ಲ. ಅಲ್ಲಿಗೆ ಹೋಗುವ ಪ್ರತಿ ಗ್ರಾಹಕರೂ ಇದನ್ನು ಕೇಳಿದರೆ ಅದೂ ಬಂದೀತು.

ಬಿಡಿಭಾಗಗಳನ್ನು ಮರುಜೋಡಿಸುವಾಗ ಮಾಡಿದ ಎರಡು ಕೆಲಸಗಳು ಬಿಲ್ಲಿನಲ್ಲಿ ಕಾಣದಿದ್ದರೂ ಉಲ್ಲೇಖಕ್ಕೆ ಅರ್ಹ. ಫೈಬರಿನಲ್ಲಿ ವಿದ್ಯುತ್ ಹರಿಯದ ಕಾರಣ ಪ್ರತಿ ದೀಪಕ್ಕೂ ಚಾಸಿಯವರೆಗೆ ಪ್ರತ್ಯೇಕ ಅರ್ತ್ ವೈರ್ ಬೇಕು. ತುಕ್ಕು ಹಿಡಿದಿದ್ದ ಆ ವೈರುಗಳನ್ನೆಲ್ಲ ಬದಲಿಸಿದರು. ವರ್ಷಗಳಿಂದ ಮಿಣುಕುತ್ತಿದ್ದ ಬಲಗಡೆಯ ಇಂಡಿಕೇಟರ್ ಅಂದಿನಿಂದ ಸರಿಯಾಗಿದೆ. ಬಾಗಿಲುಗಳ ಸಂದನ್ನು ಹೊಂದಿಸಿದ್ದು ಕಾರು ನಾಲ್ಕೂ ಚಕ್ರಗಳ ಮೇಲೆ ನಿಂತಿರುವಾಗ. ಜಾಕಿನ ಮೇಲೆ ಎತ್ತಿಟ್ಟು ಹೊಂದಿಸಿದರೆ ಕೆಳಗಿಳಿಸಿದೊಡನೆ ಚಾಸಿಯ ಜೊತೆಗೆ ಮೈಯೂ ತುಸು ಬಾಗಿ, ಬಾಗಿಲು ಮೇಲೆ ತಾಗಿ ಕೆಳಗೆ ಬಿಚ್ಚಿಕೊಳ್ಳುತ್ತದೆ. ಹಿಂದಿನ ಕಾರ್ಯಾಗಾರದಿಂದ ಬಂದ ಮೇಲೆ ಬಾಗಿಲನ್ನು ಎತ್ತಿ ಹಾಕಬೇಕಾಗುತ್ತಿದ್ದ ಕಾರಣ ನನಗೆ ತಿಳಿದದ್ದು ಆಗ.

ಹಣ ಮತ್ತು ಸಮಯದ ಲೆಕ್ಕ ಹೀಗಿದೆ. ಆರಂಭದಲ್ಲಿ ಹೇಳಿದ್ದು 95,000 ರೂಪಾಯಿ ಮತ್ತು ಆರು ವಾರ. ಕೊನೆಗೆ ಆದದ್ದು 1,22,000 ರೂಪಾಯಿ ಮತ್ತು ಹದಿನೈದು ವಾರ. ಹಣ ಹೆಚ್ಚಾದದ್ದಕ್ಕೆ ನನಗೆ ತಕರಾರಿಲ್ಲ. ಬಣ್ಣ ತೆಗೆದ ಮೇಲೆ ಬಾನೆಟ್ಟಿನ ಅಂಚಿನಲ್ಲಿ ಹೊರಬಿದ್ದ ಹಳೆಯ ಟೊಳ್ಳುಗಳ ಚಿತ್ರ ಕಳುಹಿಸಿ, ನನ್ನ ಒಪ್ಪಿಗೆ ಪಡೆದೇ ಮುಂದುವರಿದರು. ರೆಸಿನ್, ಮ್ಯಾಟ್, ಬಣ್ಣಗಳ ಅಂಗಡಿ ರಸೀತಿಗಳನ್ನೂ ಕೊಟ್ಟರು. ಆದರೆ ಸಮಯದ ವಿಷಯದಲ್ಲಿ ಅವರು ಮೊದಲೇ ಸತ್ಯ ಹೇಳಬೇಕಿತ್ತು. ಬಣ್ಣ ತೆಗೆಯಲು, ಬಿಸಿಲಿಗೆ ನಿಲ್ಲಿಸಲು ಎಷ್ಟು ದಿನ ಹಿಡಿಯುತ್ತದೆಂದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಆರು ವಾರವೆಂದರೆ ಗ್ರಾಹಕ ಒಪ್ಪುತ್ತಾನೆ, ಹದಿನೈದು ಎಂದರೆ ಓಡಿಹೋಗುತ್ತಾನೆ ಎಂಬ ಅಂಜಿಕೆ ಅವರಿಗೆ ಇರಬಹುದು. ಫೋನ್ ಮಾಡಿದರೆ ಎತ್ತುವುದೂ ಅಪರೂಪ; ನಾನು ಯಾದವಗಿರಿಯಿಂದ ವಾರಕ್ಕೊಮ್ಮೆ ಹೋಗಿ ನೋಡಿಬರಬೇಕಾಯಿತು.

ಈಗ ಒಂದು ವರ್ಷದ ನಂತರದ ಸ್ಥಿತಿ. ಗುರುತು ಹಾಕಿದ ಮೂವತ್ತೊಂದು ಜಾಗಗಳಲ್ಲಿ ಮೂವತ್ತು ಸ್ವಚ್ಛವಾಗಿವೆ. ಬಾಗಿಲಿನ ಕೀಲುಗಳ ಸುತ್ತ, ಹಿಂದೆ ಎಂಟು ತಿಂಗಳಿಗೇ ಬಲೆ ಹಬ್ಬಿದ್ದ ಕಡೆ, ಭೂತಗನ್ನಡಿ ಹಿಡಿದರೂ ಒಂದು ಗೆರೆಯಿಲ್ಲ. ಮಳೆಗಾಲದಲ್ಲಿ ಎಲ್ಲಿಯೂ ಗುಳ್ಳೆ ಏಳಲಿಲ್ಲ. ಎಡಗಡೆಯ ಗಾಜಿನ ಕಂಬದ ಬುಡದಲ್ಲಿ ಮಾತ್ರ ಡಿಸೆಂಬರಿನಲ್ಲಿ ಅರ್ಧ ಅಂಗುಲದ ಗೆರೆಯೊಂದು ಮೂಡಿತು. ತೆಗೆದುಕೊಂಡು ಹೋದಾಗ ಮೇಸ್ತ್ರಿಯವರು ಮೊದಲು ಬೋಲ್ಟನ್ನೇ ಬಿಚ್ಚಿದರು. ಅಲ್ಲಿ ಅಗಲವಾದ ವಾಷರಿನ ಬದಲು ಸಣ್ಣ ವಾಷರ್ ಕೂತಿತ್ತು. ಬಿಗಿದ ಬೋಲ್ಟಿನ ಒತ್ತಡವೆಲ್ಲ ಒಂದು ರೂಪಾಯಿ ನಾಣ್ಯದಷ್ಟು ಜಾಗದ ಮೇಲೆ ಬಿದ್ದು ಫೈಬರ್ ಸೀಳಿತ್ತು. ತಪ್ಪು ತಮ್ಮದೇ ಎಂದು ಹೇಳಿ, ಬೋಲ್ಟಿನ ಅಡಿಯಲ್ಲಿ ಅಲ್ಯೂಮಿನಿಯಮ್ ತಟ್ಟೆ ಕೊಟ್ಟು, ಗೆರೆಯನ್ನು ಬಿಡಿಸಿ ಮ್ಯಾಟ್ ಹಾಕಿ, ಆ ಭಾಗಕ್ಕೆ ಮತ್ತೆ ಬಣ್ಣ ಹೊಡೆದು ಐದು ದಿನಗಳಲ್ಲಿ ಕಾರು ಕೊಟ್ಟರು. ಒಂದು ಪೈಸೆಯನ್ನೂ ತೆಗೆದುಕೊಳ್ಳಲಿಲ್ಲ.

ಇನ್ನೊಂದು ದೋಷ ಬಾನೆಟ್ಟಿನದು. ಈ ಏಪ್ರಿಲಿನಲ್ಲಿ ಮೇಲುಕೋಟೆಯ ವೈರಮುಡಿಗೆ ಹೋಗಿಬಂದ ಮೇಲೆ, ಓರೆ ಬೆಳಕಿನಲ್ಲಿ ನೋಡಿದರೆ ಎಂಜಿನ್ನಿನ ನೇರ ಮೇಲಿನ ಎರಡು ಗೇಣು ಜಾಗದಲ್ಲಿ ಮ್ಯಾಟಿನ ಎಳೆಗಳ ಅಚ್ಚು ಮಸುಕಾಗಿ ಕಾಣತೊಡಗಿದೆ. ಕಡುಬಣ್ಣ ಬೇಡವೆಂದು ಅವರು ಎಚ್ಚರಿಸಿದ್ದದ್ದು ಇದನ್ನೇ. ಆದ್ದರಿಂದ ಇದನ್ನು ಅವರ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಇನ್ನೊಂದು ಬೇಸಿಗೆ ಕಳೆಯಲಿ, ಕುಗ್ಗುವಷ್ಟು ಕುಗ್ಗಿ ನಿಲ್ಲಲಿ, ಆಮೇಲೆ ಬಾನೆಟ್ಟನ್ನು ಮಾತ್ರ ತಿಕ್ಕಿ ಸರ್ಫೇಸರ್ ಕೊಟ್ಟು ಬಣ್ಣ ಹೊಡೆಯೋಣ, ಒಳಬದಿಗೆ ಕಾವು ತಡೆಯುವ ಹಾಳೆಯನ್ನೂ ಅಂಟಿಸೋಣ ಎಂದು ಮೇಸ್ತ್ರಿಯವರು ಹೇಳಿದ್ದಾರೆ. ಕೂಲಿ ಬೇಡ, ಸಾಮಾನಿನ ಹಣ ಕೊಟ್ಟರೆ ಸಾಕೆಂದೂ ಹೇಳಿದ್ದಾರೆ. ಮುಂದಿನ ಸಂಕ್ರಾಂತಿಯಾದ ಮೇಲಿನ ಸರದಿಗೆ ಅವರ ಪುಸ್ತಕದಲ್ಲಿ ನನ್ನ ಹೆಸರು ಬರೆಸಿ ಬಂದಿದ್ದೇನೆ.